ಕೂಗು ಮಾರಿದವನು

ಸಿರ್ಗಾಪುರದ ಕಲ್ಯಾಣಪ್ಪ ಸಂಜೆ ಕುರಿಗಳನ್ನು ಹಟ್ಟಿಗೆ ಕೂಡಿದ ಮೇಲೆ ಎರಡು ಸಲ ಎಣಿಸುತ್ತಿದ್ದ. ಮೊದಲನೆಯದು ಕುರಿಗಳ ಮೇಲಿನ ಅನುಮಾನಕ್ಕೆ, ಎರಡನೆಯದು ತನ್ನ ಎಣಿಕೆಯ ಮೇಲಿನ ಅನುಮಾನಕ್ಕೆ. ಚಹಾ ಕೊಟ್ಟವರ ಎದುರಿಗೇ ಬಟ್ಟಲನ್ನು ಮೂಸಿ ನೋಡುವ, ಬಸ್ಸು ಹೊರಟ ಮೇಲೂ ಅದು ಎಲ್ಲಿಗೆ ಹೋಗುತ್ತದೆಂದು ಪಕ್ಕದವರನ್ನು ಕೇಳುವ ಮನುಷ್ಯ ಆತ. ಹೆಂಡತಿ ಅಮೃತಬಾಯಿಗೆ ಇದೆಲ್ಲ ರೂಢಿಯಾಗಿತ್ತು. "ನಮ್ಮ ಮನ್ಯಾಗ ನಾಯಿ ಸಾಕೋ ಜರೂರತ್ತಿಲ್ಲ ಬಿಡ್ರಿ, ಇವ್ರೇ ಅದಾರ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಇಂಥವನನ್ನು ಊರ ಹುಡುಗರು ತಮ್ಮ ಫುಟ್‌ಬಾಲ್ ತಂಡಕ್ಕೆ ಕೋಚ್ ಮಾಡಿಕೊಂಡಿದ್ದರು. ಹರೆಯದಲ್ಲಿ ಜಹೀರಾಬಾದಿನ ಒಂದು ಕಾರ್ಖಾನೆಯ ತಂಡಕ್ಕೆ ಆಡಿದವನು ಸುತ್ತಲಿನ ಹಳ್ಳಿಗಳಲ್ಲಿ ಅವನೊಬ್ಬನೇ. ನಮ್ಮವರ ಅದೃಷ್ಟವೋ ಎದುರಾಳಿಗಳ ಹೊಟ್ಟೆನೋವೋ, ಸಿರ್ಗಾಪುರ ಕ್ಲಬ್ ಜಿಲ್ಲೆಯಲ್ಲಿ ಗೆದ್ದು ರಾಜ್ಯ ಲೀಗಿನ ಎರಡನೇ ದರ್ಜೆಗೆ ಏರಿಬಿಟ್ಟಿತು. ಊರಲ್ಲಿ ಹೇಳಿಕೊಳ್ಳುವಂಥ ಮೈದಾನವಿಲ್ಲ. ತವರಿನ ಆಟಗಳೆಲ್ಲ ನಾರಾಯಣಖೇಡದಲ್ಲಿ, ತೊಗರಿ ಒಣಹಾಕುವ ಬಯಲಿನ ಪಕ್ಕದಲ್ಲಿ. ಹೈದರಾಬಾದಿನ ತಂಡಗಳು ಎ.ಸಿ. ಬಸ್ಸಿನಲ್ಲಿ ಬಂದಿಳಿಯುತ್ತಿದ್ದವು. ನಮ್ಮವರು ಕುರಿಗಳನ್ನು ಸಂತೆಗೆ ಒಯ್ಯುವ ವ್ಯಾನನ್ನೇ ತೊಳೆದುಕೊಂಡು ಹತ್ತುತ್ತಿದ್ದರು. ಎಷ್ಟು ತೊಳೆದರೂ ವಾಸನೆ ಮಾತ್ರ ಹೋಗುತ್ತಿರಲಿಲ್ಲ.

ಆಟ ಕಲಿಸುವ ರೀತಿ ಕಲ್ಯಾಣಪ್ಪನಿಗೆ ಗೊತ್ತಿದ್ದದ್ದು ಒಂದೇ. ಕುರಿಗಾರನಿಗೆ ಅವನವೇ ಕೂಗುಗಳಿರುತ್ತವೆ. ನಾಲಗೆ ಹೊರಳಿಸಿ 'ಟುರ್ರ್‌ರ್' ಎಂದರೆ ಚದುರಿದ ಹಿಂಡು ನಡುವಿಗೆ ಕೂಡಬೇಕು. 'ಹೋ ಹೋ ಹಚಾ' ಎಂದರೆ ಬಿಚ್ಚಿಕೊಂಡು ಮುಂದೆ ಸಾಗಬೇಕು. 'ಚ್ಯೂವ್ ಚ್ಯೂವ್' ಎಂದರೆ ಎಡಕ್ಕೆ ಹೊರಳಬೇಕು. ತಂಡದ ಮುಕ್ಕಾಲು ಹುಡುಗರು ಕುರಿಗಾರರ ಮಕ್ಕಳೇ ಆದ್ದರಿಂದ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಕುರಿಗಳ ಬದಲು ತಾವು ಓಡಬೇಕಿತ್ತು, ಅಷ್ಟೇ. ಹೈದರಾಬಾದಿನ ಹುಡುಗರು ತಮ್ಮನ್ನು ಬೈಯುತ್ತಿದ್ದಾರೆಂದು ತಿಳಿದು ರೆಫರಿಗೆ ದೂರು ಕೊಟ್ಟರು. ರೆಫರಿ ಯಾವ ಬೈಗುಳವೆಂದು ಕೇಳಿದಾಗ ಅವರಿಗೆ ಅದನ್ನು ಉಚ್ಚರಿಸಲು ಬರಲಿಲ್ಲ.

ಮೈದಾನದ ಹೊರಗೆ ನಿಂತು ಕಲ್ಯಾಣಪ್ಪ ಕೂಗುತ್ತಿದ್ದ, ಒಳಗೆ ಗೋಲಿನಲ್ಲಿ ನಿಂತು ಜೈಭೀಮ ಕೂಗುತ್ತಿದ್ದ. ಹಿಂದೆ ನಿಂತವನಿಗಲ್ಲವೇ ಇಡೀ ಹಿಂಡು ಕಾಣುವುದು. ಈ ಜೈಭೀಮ ಕುರಿಗಾರರ ಪೈಕಿ ಅಲ್ಲ. ಬುದ್ಧವಿಹಾರದ ಓಣಿಯವನು, ಕೂಲಿ ಮಾಡಿ ಬೆಳೆಸಿದ ಈಶಮ್ಮನ ಒಬ್ಬನೇ ಮಗ. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರ್ಶಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸ ಅವನದು. ಅಲ್ಲೇ ಕೋಣೆ ಹಿಡಿದಿದ್ದ, ಆಟ, ಅಭ್ಯಾಸ ಇದ್ದಾಗ ಬಸ್ಸು ಹತ್ತಿ ಬರುತ್ತಿದ್ದ. ಕೂಗುಗಳನ್ನು ಕಲಿತದ್ದು ಕಲ್ಯಾಣಪ್ಪನಿಂದಲೇ, ಆದರೆ ಗುರುವಿಗಿಂತ ಸ್ವಚ್ಛವಾಗಿ. ಕಲ್ಯಾಣಪ್ಪನ ಕೂಗಿಗೆ ಬೀಡಿಯ ದೆಸೆಯಿಂದ ಒಂದು ಬಾಲವಿತ್ತು: 'ಟುರ್ರ್‌ರ್... ಖೊಳ್ ಖೊಳ್.' ಜೈಭೀಮ ಆ ಕೆಮ್ಮನ್ನು ಬಿಟ್ಟು ಕಲಿತಿದ್ದ.

ಒಂದು ಸಂಜೆ ಅಭ್ಯಾಸದ ಹೊತ್ತಿನಲ್ಲಿ ಅವನು 'ಟುರ್ರ್‌ರ್' ಎಂದದ್ದಕ್ಕೆ, ಬದುವಿನ ಆಚೆ ಮೇಯುತ್ತಿದ್ದ ಕಲ್ಯಾಣಪ್ಪನ ಕುರಿಗಳೆಲ್ಲ ತಲೆಯೆತ್ತಿ ಅವನ ಕಡೆ ನಡೆದು ಬಂದವು. ಹುಡುಗರು ಬಿದ್ದು ಬಿದ್ದು ನಕ್ಕರು. ಕಲ್ಯಾಣಪ್ಪನೂ ನಕ್ಕ, ಆದರೆ ಆ ನಗು ಗಂಟಲಿನಿಂದ ಕೆಳಗಿಳಿಯಲಿಲ್ಲ. ತನ್ನ ಅಪ್ಪ, ಅಜ್ಜನಿಂದ ಬಂದ ಕೂಗು ಬೇರೆಯವರ ಬಾಯಲ್ಲಿ ಇಷ್ಟು ಚೆನ್ನಾಗಿ ಕೂತಿತಲ್ಲ ಎಂದುಕೊಂಡು ಕುರಿಗಳನ್ನು ಹೊತ್ತಿಗೆ ಮೊದಲೇ ಹಟ್ಟಿಗೆ ಹೊಡೆದ.

ಲೀಗಿನ ಮೊದಲರ್ಧ ಚೆನ್ನಾಗಿಯೇ ಹೋಯಿತು. ಸಂಕ್ರಾಂತಿಗೆ ಆಟಕ್ಕೆ ಬಿಡುವು ಬಂದಾಗ ತಾಂಡೂರಿನ ಫರ್ಶಿ ಕ್ಲಬ್ಬಿನ ಕಾರ್ಯದರ್ಶಿ ಆತ್ಮಾರಾಮ ಹಾರ, ಹಣ್ಣು ಹಿಡಿದುಕೊಂಡು ಸಿರ್ಗಾಪುರಕ್ಕೆ ಬಂದ. ಫರ್ಶಿ ಕ್ಲಬ್ ಅದೇ ಲೀಗಿನ ಹಳೆಯ ತಂಡ.

"ಉಸ್ತಾದ್ರೀ, ನಮ್ಮ ಗ್ರೌಂಡ್ ಬೋಳು ತಲಿ ಆಗ್ಯದ ನೋಡ್ರಿ. ನಿಮ್ಮ ಕುರಿ ಒಂದಿಷ್ಟು ದಿನ ಅಲ್ಲಿ ತರುಬ್ರಿ. ಹಿಕ್ಕಿ ಬಿದ್ರ ಹುಲ್ಲು ತಾನೇ ಬರ್ತದ. ನಿಮ್ಮಂಥ ಹಿಂಡು ಈ ಕಡಿ ಯಾರ ಹಂತೇಲೂ ಇಲ್ಲ."

ಹೊಲದಲ್ಲಿ ರಾತ್ರಿ ಕುರಿ ತರುಬಿ ನೆಲಕ್ಕೆ ಕಸುವು ತುಂಬುವುದು ಕಲ್ಯಾಣಪ್ಪನ ಮನೆತನದ ಕಾಯಕ. ಕರೆದರೆ ಇಲ್ಲವೆನ್ನುವ ಪದ್ಧತಿ ಅವರಲ್ಲಿಲ್ಲ. ಅದರ ಮೇಲೆ 'ಉಸ್ತಾದ್' ಎಂಬ ಮಾತು ಬೇರೆ. ಚಹಾ ಬಟ್ಟಲು ಮೂಸುವ ಮನುಷ್ಯ ಹೊಗಳಿಕೆಯನ್ನು ಮೂಸಲಿಲ್ಲ. ಹಿಂಡನ್ನು ಹೊಡೆದುಕೊಂಡು ರಾಯಿಕೋಡ್ ದಾಟಿ, ಜಹೀರಾಬಾದ್ ದಾಟಿ, ತಾಂಡೂರಿಗೆ ಹೋದ. ಬಿಡುವು ಮುಗಿಯುವ ತನಕ ಫರ್ಶಿ ಕ್ಲಬ್ಬಿನ ಮೈದಾನದಲ್ಲೇ ಇದ್ದ. ಬೆಳಿಗ್ಗೆ ಬಿಚ್ಚುವಾಗ, ಸಂಜೆ ಕೂಡುವಾಗ ಅಲ್ಲಿನ ಹುಡುಗರು ಕಟ್ಟೆಯ ಮೇಲೆ ಸಾಲಾಗಿ ಕೂತು ನೋಡುತ್ತಿದ್ದರು. ಚಹಾ ತಂದುಕೊಡುತ್ತಿದ್ದರು. "ಎಂಥಾ ಮರ್ಯಾದಿ ಮಂದಿ!" ಎಂದು ಅವನು ಊರಿಗೆ ಬಂದ ಮೇಲೂ ಹೇಳಿಕೊಂಡು ತಿರುಗಿದ.

ಲೀಗು ಮತ್ತೆ ಶುರುವಾಯಿತು. ಅದೇ ಫರ್ಶಿ ಕ್ಲಬ್ ನಾರಾಯಣಖೇಡಕ್ಕೆ ಬಂದು ನಮ್ಮವರನ್ನು ಅಕ್ಕಿಯಲ್ಲಿನ ಕಲ್ಲಿನಂತೆ ಆರಿಸಿ ಎಸೆಯಿತು. ಜೈಭೀಮ 'ಚ್ಯೂವ್' ಎನ್ನುವುದೇ ತಡ, ತಾಂಡೂರಿನವರು ನಮಗಿಂತ ಮೊದಲೇ ಆ ಕಡೆ ಇರುತ್ತಿದ್ದರು. ಕಲ್ಯಾಣಪ್ಪ 'ಹಚಾ' ಎಂದರೆ ಅವರು ಹಿಂದೆ ಸರಿದು ದಾರಿ ಮುಚ್ಚುತ್ತಿದ್ದರು. ಮುಂದಿನ ವಾರ ಜಹೀರಾಬಾದಿನ ತಂಡವೂ ಹಾಗೇ ಮಾಡಿತು. ಸೋತದ್ದಕ್ಕಿಂತ ಹೆಚ್ಚಾಗಿ ಕಲ್ಯಾಣಪ್ಪನನ್ನು ಕೊರೆದದ್ದು ಒಂದೇ ಪ್ರಶ್ನೆ: ಯಾರೋ ಕೂಗು ಮಾರಿದ್ದಾರೆ, ಯಾರು?

ಪ್ರಶ್ನೆ ಕೇಳುವ ಮೊದಲೇ ಉತ್ತರ ಅವನ ಬಾಗಿಲಲ್ಲಿ ನಿಂತಿತ್ತು. ತಂಡದಲ್ಲಿ ತಾಂಡೂರಿನಲ್ಲಿ ಇರುವವನು ಯಾರು? ಕುರಿಗಾರರ ಮಗನಲ್ಲದವನು ಯಾರು? ಕುರಿಗಾರರ ಪೈಕಿ ಅಲ್ಲದವರು ತಂಡದಲ್ಲಿ ಇನ್ನೂ ಇಬ್ಬರು ಮೂವರಿದ್ದರೂ ಅನುಮಾನ ನೆಟ್ಟಗೆ ಬುದ್ಧವಿಹಾರದ ಓಣಿಗೇ ನಡೆಯಿತು. ಅದಕ್ಕೆ ಆ ದಾರಿ ಹಳೆಯದು, ಯಾರೂ ತೋರಿಸಿಕೊಡಬೇಕಾಗಿರಲಿಲ್ಲ.

ಸಾಲದ್ದಕ್ಕೆ, ಜಹೀರಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಜೈಭೀಮ ಆತ್ಮಾರಾಮನ ಜೊತೆ ಚಹಾ ಕುಡಿಯುತ್ತಿದ್ದುದನ್ನು ಕಲ್ಯಾಣಪ್ಪನೇ ಕಂಡ. ಇಬ್ಬರೂ ನಗುತ್ತಿದ್ದರು.

"ಒಂದೇ ಬಸ್ಸಿಗೆ ಬಂದೀವ್ರಿ ಕಾಕಾ. ನಾ ಕೆಲ್ಸಾ ಮಾಡೋ ಜಾಗಾದಾಗ ಅವ್ರ ತಮ್ಮ ಮುಕಾದಮ್ ಅದಾನ" ಎಂದ ಜೈಭೀಮ, ಕೇಳದೆಯೇ.

ಕೇಳದೆ ಯಾಕೆ ಹೇಳಿದ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಲ್ಯಾಣಪ್ಪ ಮನಸ್ಸಿನಲ್ಲೇ ಗಂಟು ಹಾಕಿಕೊಂಡ.

ಅವನು ಒಂದು ಬಲೆಯನ್ನೂ ಹೂಡಿದ. ಜೈಭೀಮನೊಬ್ಬನನ್ನೇ ಪಕ್ಕಕ್ಕೆ ಕರೆದು, "ಇನ್ ಮ್ಯಾಗ 'ಹುಶ್ ಹುಶ್' ಅಂದ್ರ ಎಲ್ಲಾರೂ ಬಲಕ್ಕ, ಉಳಿದವ್ರಿಗಿ ನಾ ಹೇಳ್ತೀನಿ, ನೀ ಯಾರಿಗೂ ಹೇಳಬ್ಯಾಡ" ಎಂದು ಇಲ್ಲದ ಕೂಗೊಂದನ್ನು ಕಲಿಸಿದ. ಮುಂದಿನ ಆಟದಲ್ಲಿ ಹೊರಗೆ ನಿಂತು ಗಂಟಲು ಹರಿಯುವಂತೆ 'ಹುಶ್ ಹುಶ್' ಎಂದ. ಎದುರಾಳಿಗಳು ಕದಲಲಿಲ್ಲ, ಯಾರಿಗೂ ಅದು ಗೊತ್ತೇ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹುಡುಗ ನಿರಪರಾಧಿ ಎಂದು ನಿಟ್ಟುಸಿರು ಬಿಡುತ್ತಿದ್ದರು.

"ನೋಡಿದಿ?" ಎಂದ ಮನೆಗೆ ಬಂದು ಹೆಂಡತಿಗೆ. "ಬಲಿ ಅಂತ ತಿಳ್ಕೊಂಡಾನ. ಅದಕ್ಕ ಹೇಳಿಲ್ಲ. ಭಾಳ ಚಾಲಾಕ್ ಪೋರ."

ರೊಟ್ಟಿ ತಟ್ಟುತ್ತಿದ್ದ ಅಮೃತಬಾಯಿಯ ಕೈ ನಿಂತಿತು. "ಹೇಳಿದ್ರೂ ಕಳ್ಳ, ಹೇಳದಿದ್ರೂ ಕಳ್ಳ. ಮತ್ತ ಆ ಪೋರ ಏನ್ ಮಾಡಬೇಕ್ರಿ, ಮೂಕ ಹುಟ್ಟಬೇಕಾಗಿತ್ತೇನು?"

ಕಾಮಾಲೆ ಕಣ್ಣಿನವನಿಗೆ ರೊಟ್ಟಿಯೂ ಹಳದಿ.

ಕೊನೆಯ ಆಟ ತಾಂಡೂರಿನಲ್ಲಿ, ಫರ್ಶಿ ಕ್ಲಬ್ಬಿನ ಮೇಲೆ. ಅಷ್ಟರಲ್ಲಿ ನಮ್ಮವರು ಪಟ್ಟಿಯ ತಳಕ್ಕೆ ಜಾರಿದ್ದರು. ಸೋತರೆ ಲೀಗಿನಿಂದ ಹೊರಗೆ. ಸಮ ಮಾಡಿಕೊಂಡರೂ ಉಳಿಯುತ್ತಿದ್ದರು. ಹೊರಡುವ ಹಿಂದಿನ ಅಭ್ಯಾಸದ ದಿನ ನಾರಾಯಣಖೇಡದ ಮೈದಾನದಲ್ಲಿ ಎಲ್ಲರೂ ಸುತ್ತ ನಿಂತಿದ್ದಾಗ ಕಲ್ಯಾಣಪ್ಪ ಬಾಯಿಬಿಟ್ಟ.

"ಜೈಭೀಮ, ನೀ ಬರಬ್ಯಾಡ."

"ಯಾಕ್ರಿ ಕಾಕಾ?"

"ಯಾಕ ಅಂತ ನನ್ನ ಬಾಯಾಗಿಂದ ಕೇಳಬೇಕೇನು? ತಾಂಡೂರಿನಾಗ ಕುಂತು ನಮ್ಮ ಕೂಗು ಮಾರ್ದಿ. ಉಂಡ ಮನಿ ಗಳಾ ಎಣಿಸಿದಿ."

ತಂಡದ ನಾಯಕ ಗುರುಲಿಂಗ ಏನೋ ಹೇಳಹೋಗಿ ಕಲ್ಯಾಣಪ್ಪನ ಮುಖ ನೋಡಿ ಸುಮ್ಮನಾದ. ಜೈಭೀಮ ಕೈಗವಸುಗಳನ್ನು ಒಂದೊಂದೇ ಬೆರಳು ಎಳೆದು ಬಿಚ್ಚಿದ.

"ನಿಮ್ಮ ಮನ್ಯಾಗ ನಾ ಎಂದೂ ಉಂಡಿಲ್ರಿ ಕಾಕಾ. ಕಟ್ಟೀ ಮ್ಯಾಗ ಕುಂಡ್ರಿಸಿ ಕೊಟ್ರಿ, ಅಲ್ಲೇ ತಿಂದೀನಿ" ಎಂದು ಗವಸುಗಳನ್ನು ಗೋಲಿನ ಕಂಬದ ಬುಡದಲ್ಲಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ತಾಂಡೂರಿಗೆ ಹೊರಟ ವ್ಯಾನಿನಲ್ಲಿ ಅಮೃತಬಾಯಿಯೂ ಹತ್ತಿದಳು, ರೊಟ್ಟಿ ಗಂಟಿನ ಸಮೇತ. ಮಗ ಭೀಮೇಶ ತಂಡದ ಮುಂಚೂಣಿ ಆಟಗಾರ. ಅವನ ಆಟ ನೋಡಲು ಎಂದಳು. ಫರ್ಶಿ ಕ್ಲಬ್ಬಿನ ಮೈದಾನ ಹಸಿರಾಗಿತ್ತು. ಕುರಿ ತರುಬಿದ್ದ ಜಾಗವೆಲ್ಲ ದಟ್ಟ ಹುಲ್ಲು. ಅದನ್ನು ನೋಡಿ ಕಲ್ಯಾಣಪ್ಪನಿಗೆ ಅಷ್ಟು ದುಗುಡದಲ್ಲೂ ಎದೆ ಉಬ್ಬಿತು. ಆಮೇಲೆ ಕಟ್ಟೆಯ ತುದಿಯಲ್ಲಿ ತಾಯಿಯ ಪಕ್ಕ ಕೂತ ಜೈಭೀಮ ಕಣ್ಣಿಗೆ ಬಿದ್ದ. ಈಶಮ್ಮ ಮಗನ ಹತ್ತಿರ ಬಂದು ಎರಡು ದಿನವಾಗಿತ್ತು. ಆಟ ನೋಡದೆ ಇರಲಾಗದೆ ಬಂದಿದ್ದರೋ, ಮಾರಿದ ಮಾಲು ಹೇಗಿದೆ ಎಂದು ನೋಡಲು ಬಂದಿದ್ದರೋ ಎಂದು ಕಲ್ಯಾಣಪ್ಪ ಲೆಕ್ಕ ಹಾಕಿದ.

ಗೋಲಿನಲ್ಲಿ ಗುರುಲಿಂಗ ನಿಂತಿದ್ದ. ಆಟ ಕಾವೇರುವ ಮೊದಲೇ ಒಂದು ಗೋಲು ಬಿದ್ದಿತು. ಕಲ್ಯಾಣಪ್ಪ 'ಹೋ ಹೋ ಹಚಾ' ಎಂದು ಕೂಗಿ ಕೆಮ್ಮಿದ. ತಾಂಡೂರಿನ ಹಿಂದಿನ ಸಾಲಿನವರು ನಕ್ಕು ದಾರಿ ಮುಚ್ಚಿದರು. ನಮ್ಮ ಹುಡುಗರು ಗೋಡೆಗೆ ಹೊಡೆದ ಚೆಂಡಿನಂತೆ ವಾಪಸ್ ಬಂದರು.

ವಿರಾಮಕ್ಕೆ ಸ್ವಲ್ಪ ಮುಂಚೆ ಅದು ನಡೆಯಿತು. ನಮ್ಮವರು ಒಮ್ಮೆ ಜೋರಾಗಿ ನುಗ್ಗಿದಾಗ ತಾಂಡೂರಿನ ಉದ್ದನೆಯ ಆಟಗಾರನೊಬ್ಬ, ಚದುರಿದ ತನ್ನವರನ್ನು ಕೂಡಿಸಲು ಕೈಯೆತ್ತಿ ಕೂಗಿದ:

"ಟುರ್ರ್‌ರ್... ಖೊಳ್ ಖೊಳ್!"

ಅವರೆಲ್ಲ ನಡುವಿಗೆ ಕೂಡಿದರು. ಇನ್ನೊಬ್ಬ ಅದನ್ನೇ ಕೂಗಿದ, ಅದೇ ಕೆಮ್ಮಿನೊಂದಿಗೆ. ಮೂರನೆಯವನಂತೂ ಕೆಮ್ಮುವ ಮೊದಲು ಎದೆ ಹಿಡಿದುಕೊಂಡ, ಥೇಟ್ ಕಲ್ಯಾಣಪ್ಪನ ಹಾಗೆ.

ನಮ್ಮ ಹುಡುಗರು ಆಟ ಬಿಟ್ಟು ಕಲ್ಯಾಣಪ್ಪನ ಕಡೆ ತಿರುಗಿದರು. ಕಲ್ಯಾಣಪ್ಪನ ಬಾಯಲ್ಲಿ ಬೀಡಿ ಆರಿತು. ರೆಫರಿ ವಿರಾಮದ ಸೀಟಿ ಊದಿದಾಗ ಅವನು ನೆಟ್ಟಗೆ ಆತ್ಮಾರಾಮನ ಬಳಿಗೆ ಹೋಗಿ ಅಂಗಿಯ ತೋಳು ಹಿಡಿದ.

"ನಮ್ಮ ಕೂಗು ನಿಮಗ ಯಾರ ಹೇಳಿಕೊಟ್ರು? ಖರೇ ಹೇಳ್ರಿ."

ಆತ್ಮಾರಾಮ ಮುಚ್ಚಿಡುವ ಮನುಷ್ಯನೇ ಅಲ್ಲ. "ಯಾರಂತೀರಲ್ರಿ ಉಸ್ತಾದ್? ನೀವೇ! ದಿನಾ ಮುಂಜಾನಿ ಸಂಜಿ ಇದೇ ಗ್ರೌಂಡಿನಾಗ ನಿಂತು ಕುರಿ ಕೂಡಿಸ್ತಿದ್ರಿ, ನಮ್ಮ ಪೋರಗೋಳು ಕಟ್ಟೀ ಮ್ಯಾಗ ಕುಂತು ಕಲ್ತಾವ. ಜಹೀರಾಬಾದಿನವ್ರಿಗೂ ಇವ್ರೇ ಹೇಳ್ಯಾರ. ಒಂದ್ ಮಾತು ಕೇಳ್ಲಿ? ಕಡೀಕ 'ಖೊಳ್ ಖೊಳ್' ಅಂತೀರಲ್ಲ, ಜಲ್ದಿ ಬರ್ರಿ ಅಂತ ಹೌದಿಲ್ಲೋ?"

ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದು ಹೀಗೆ. ಕಲ್ಯಾಣಪ್ಪ ಹಿಡಿದಿದ್ದ ತೋಳನ್ನು ಬಿಟ್ಟ. ಹಿಂದಿನಿಂದ ಅಮೃತಬಾಯಿ ಬಂದು ನಿಂತಿದ್ದಳು.

"ಕೆಮ್ಮು ಯಾರದ್ರಿ?" ಎಂದಳು. ರೊಟ್ಟಿಯ ಗಂಟು ಬಿಚ್ಚಿ ತಳದಿಂದ ಜೈಭೀಮನ ಅಂಗಿ, ಗವಸು ತೆಗೆದು ಗಂಡನ ಕೈಗಿಟ್ಟಳು. ಕಂಬದ ಬುಡದಿಂದ ಗವಸು ಎತ್ತಿ, ತಂಡದ ಅಂಗಿಗಳಿಂದ ಅವನದನ್ನು ತೆಗೆದು ತಂದುಕೊಟ್ಟವನು ಗುರುಲಿಂಗ. ಬದಲಿ ಆಟಗಾರರಲ್ಲಿ ಜೈಭೀಮನ ಹೆಸರನ್ನು ಅವನೇ ಕೊಟ್ಟೂ ಇದ್ದ. ಕೋಚ್‌ ಒಬ್ಬನಿಗೇ ಅದು ಗೊತ್ತಿರಲಿಲ್ಲ.

ಕಟ್ಟೆಯ ತುದಿಯ ತನಕ ಹೋಗುವುದು ಕಲ್ಯಾಣಪ್ಪನಿಗೆ ಸಿರ್ಗಾಪುರದಿಂದ ತಾಂಡೂರಿಗೆ ನಡೆದಷ್ಟಾಯಿತು. ಅವನು ಬಾಯಿ ತೆರೆಯುವ ಮೊದಲೇ ಈಶಮ್ಮ ಕೇಳಿದಳು.

"ಕಲ್ಯಾಣಪ್ಪಣ್ಣಾ, ಕುರಿ ಕಳದ್ರ ನೀ ಮೊದಲು ನಿನ್ನ ಹಟ್ಟಿ ಎಣಸ್ತಿ. ಕೂಗು ಕಳದಾಗ ಮೊದಲು ನಮ್ಮ ಮನಿಗ್ಯಾಕ ಬಂದಿ?"

ಕಲ್ಯಾಣಪ್ಪನಿಗೆ ಉತ್ತರ ಗೊತ್ತಿತ್ತು. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನನ್ನದು ತಪ್ಪಾತೋ ಪೋರಾ."

"ಬೈದದ್ದು ಎಲ್ಲಾರ ಮುಂದ ಬೈದ್ರಿ" ಎಂದ ಜೈಭೀಮ.

ಕಲ್ಯಾಣಪ್ಪ ಅವನನ್ನು ಹುಡುಗರ ನಡುವಿಗೆ ಕರೆದೊಯ್ದು ಎಲ್ಲರಿಗೂ ಕೇಳುವಂತೆ ಹೇಳಿದ: "ಕೂಗು ಮಾರ್ದಾವ ನಾನು. ಈ ಪೋರ ಅಲ್ಲ. ತಪ್ಪಾತು." ಹೇಳುತ್ತಿದ್ದಾಗ ಕೆಮ್ಮು ಬಂತು, ನುಂಗಿಕೊಂಡ.

ಜೈಭೀಮ ಗವಸು ಏರಿಸಿದ. "ಒಂದ್ ಮಾತ್ರಿ ಕಾಕಾ. ಇನ್ನ ನೀವು ಬಾಯಿ ತೆರಿಬಾರ್ದು."

ಎರಡನೆಯ ಅರ್ಧ ಪೂರ್ತಿ ಕಲ್ಯಾಣಪ್ಪ ರುಮಾಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂತ. ಜೈಭೀಮ ಒಂದು ಕೂಗನ್ನೂ ಹಾಕಲಿಲ್ಲ. ಮನುಷ್ಯರನ್ನು ಕರೆಯುವ ಹಾಗೆ ಹೆಸರು ಹಿಡಿದು ಕರೆದ. "ಭೀಮ್ಯಾ, ಮುಂದ! ಸಿದ್ದರಾಮ, ಹಿಂದ ನೋಡು!" ಕೂಗಿಗಾಗಿ ಕಿವಿ ನಿಮಿರಿಸಿ ನಿಂತಿದ್ದ ತಾಂಡೂರಿನವರಿಗೆ ಹಿಡಿಯಲು ಏನೂ ಸಿಗಲಿಲ್ಲ. ಭೀಮೇಶ ಗೋಲು ಹೊಡೆದು ಸಮ ಮಾಡಿದ. ಕೊನೆಗೆ ಆ ಉದ್ದನೆಯವನು ಹತ್ತಿರದಿಂದ ಹೊಡೆದ ಚೆಂಡು ಒಳಗೆ ಹೋಯಿತೆಂದೇ ಎಲ್ಲರೂ ತಿಳಿದರು. ಜೈಭೀಮ ಗಾಳಿಯಲ್ಲಿ ಮೈ ಚಾಚಿ ಬೆರಳ ತುದಿಯಿಂದ ಅದನ್ನು ಕಂಬದಾಚೆ ತಳ್ಳಿ, ಕಲ್ಯಾಣಪ್ಪನ ಕುರಿಗಳು ಬೆಳೆಸಿದ ಹುಲ್ಲಿನ ಮೇಲೆ ದೊಪ್ಪನೆ ಬಿದ್ದ.

ಸಿರ್ಗಾಪುರ ಲೀಗಿನಲ್ಲಿ ಉಳಿಯಿತು. ಹುಡುಗರು ಜೈಭೀಮನನ್ನು ಹೆಗಲ ಮೇಲೆ ಹೊತ್ತು ಕುಣಿದರು. "ಇವತ್ತು ಟಗರು ಕಡಿಯೋದೇ, ನಮ್ಮ ಮನ್ಯಾಗೇ ಊಟ, ಈಶಮ್ಮಾ ನೀನೂ ಬಾ. ಒಳಗ, ಎಲ್ಲಾರ ಕೂಡ ಕುಂತು" ಎಂದಳು ಅಮೃತಬಾಯಿ. ಕಲ್ಯಾಣಪ್ಪ ಜೋರಾಗಿ ಹೌದೆಂದು ತಲೆಯಾಡಿಸಿದ. ಬೆನ್ನ ಮೇಲಿನ ಚಪ್ಪಡಿ ಕಲ್ಲು ಇಳಿದಂತಾಗಿತ್ತು. ಎಲ್ಲರೂ ವ್ಯಾನ್ ಹತ್ತಿದರು. ಈಶಮ್ಮ ಮುಂದಿನ ಸೀಟಿನಲ್ಲಿ ಕೂತಳು. ಜೈಭೀಮ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟ.

"ಏ ಜೈಭೀಮ! ನಿಂದ್ರು!"

ಆತ್ಮಾರಾಮ ಓಡೋಡಿ ಬಂದ. ಬಾಯಿ ಕಟ್ಟಿದ ಒಂದು ಬಟ್ಟೆ ಚೀಲವನ್ನು ಜೈಭೀಮನ ಕೈಗೆ ಕೊಟ್ಟು, ಬೆನ್ನು ತಟ್ಟಿ, ಕಿವಿಯ ಹತ್ತಿರ ಏನೋ ಹೇಳಿ ನಕ್ಕು ಹೋದ.

ಕಲ್ಯಾಣಪ್ಪ ಆ ಚೀಲವನ್ನು ನೋಡಿದ. ನೋಡಬಾರದೆಂದು ಅವನಿಗೆ ಗೊತ್ತಿತ್ತು. ಕೇಳಬಾರದೆಂದೂ ಗೊತ್ತಿತ್ತು. ಆದರೆ ಕೆಮ್ಮಿನ ಹಾಗೆ, ಅದು ತಡೆಯುವ ಮೊದಲೇ ಹೊರಬಿದ್ದಿತು.

"ಏನ್ ಅದ ಅದರಾಗ?"

ಜೈಭೀಮ ಚೀಲದ ಬಾಯಿ ಬಿಚ್ಚಿ ಅವನ ಮುಂದೆ ಹಿಡಿದ. ಒಳಗೆ ಈಶಮ್ಮನ ಎಲೆ ಅಡಿಕೆ ಚಂಚಿ, ಒಂದು ಕಡ್ಡಿ ಮುರಿದ ಕನ್ನಡಕ. ಕಟ್ಟೆಯ ಮೇಲೆ ಮರೆತದ್ದು.

"ಮುಂದಿನ ವರ್ಷ ನಮ್ಮ ಕಡಿಂದ ಆಡು ಬಾ ಅಂತ ಆತ್ಮಾರಾಮಣ್ಣ ಭಾಳ ದಿನದಿಂದ ಕೇಳ್ಲಕತ್ಯಾರ್ರಿ ಕಾಕಾ. ಈಗೂ ಅದೇ ಕೇಳಿದ್ರು" ಎಂದ ಜೈಭೀಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಇವತ್ತಿನ ತನಕ ನಾ ಹ್ಞೂಂ ಅಂದಿರಲಿಲ್ಲ."

ಮೆಟ್ಟಿಲ ಮೇಲಿನ ಕಾಲನ್ನು ಕೆಳಗಿಳಿಸಿದ. ಈಶಮ್ಮ ಯಾರ ಮುಖವನ್ನೂ ನೋಡದೆ ಇಳಿದು ಮಗನ ಪಕ್ಕ ನಿಂತಳು. ಜೈಭೀಮ ಅಂಗಿ ಮತ್ತು ಗವಸುಗಳನ್ನು ಮಡಚಿ ಅಮೃತಬಾಯಿಯ ಮಡಿಲಲ್ಲಿ ಇಟ್ಟ. "ನಿಮ್ಮ ಕೂಗು ಯಾರಿಗೂ ಹೇಳಂಗಿಲ್ರಿ ಕಾಕಾ, ಅಂಜಬ್ಯಾಡ್ರಿ" ಎಂದು ತಾಯಿಯ ಕೈ ಹಿಡಿದು ಮೈದಾನದ ಅಂಚಿನಲ್ಲಿ ನಡೆದ.

ವ್ಯಾನ್ ಹೊರಟಿತು. ಜಹೀರಾಬಾದಿನಲ್ಲಿ ಚಹಾಕ್ಕೆಂದು ನಿಲ್ಲಿಸಿ ಮತ್ತೆ ಹತ್ತಿಸಿಕೊಳ್ಳುವಾಗ ಕಲ್ಯಾಣಪ್ಪ ಅಭ್ಯಾಸಬಲದಿಂದ ಹುಡುಗರ ತಲೆ ಎಣಿಸಿದ. ಒಬ್ಬ ಕಡಿಮೆ ಬಂದ. ಮತ್ತೊಮ್ಮೆ ಎಣಿಸಿದ.

"ಎರಡನೇ ಸಲ ಯಾಕ್ರಿ?" ಎಂದಳು ಅಮೃತಬಾಯಿ. "ಈ ಸಲ ನಿಮ್ಮ ಎಣಿಕಿ ಬರಾಬರ್ ಅದ."